ಈಸ್ಟರ್ ಯಾವತ್ತು? ಯುರೋಪನ್ನು ಸಾವಿರ ವರ್ಷ ಕಾಡಿದ ಲೆಕ್ಕ

ಮಧ್ಯಯುಗದ ಯುರೋಪಿನ ಮೇಲೆ ಕ್ರೈಸ್ತ ಧರ್ಮದ ಪ್ರಭಾವ ಎಂದಕೂಡಲೇ ಧರ್ಮಯುದ್ಧಗಳು, ಮಠಗಳು, ಪೋಪ್ ಮತ್ತು ಅರಸರ ಜಗಳ ಇವೇ ಮುಂದೆ ಬರುತ್ತವೆ. ಅವೆಲ್ಲ ಇದ್ದದ್ದೇ. ಆದರೆ ಅಲ್ಲಿನ ಓದುಬಲ್ಲವರ ತಲೆಯನ್ನು ತಲೆಮಾರುಗಟ್ಟಲೆ ತಿಂದ ಪ್ರಶ್ನೆ ಬೇರೆಯೇ ಇತ್ತು: ಕ್ರಿಸ್ತನ ಪುನರುತ್ಥಾನದ ಹಬ್ಬವಾದ ಈಸ್ಟರ್ ಈ ವರ್ಷ ಯಾವತ್ತು?

ಕ್ರಿಸ್‌ಮಸ್‌ಗೆ ಈ ತಾಪತ್ರಯವಿಲ್ಲ, ಡಿಸೆಂಬರ್ 25ಕ್ಕೆ ಕಟ್ಟಿಹಾಕಿದ್ದಾಯಿತು. ಈಸ್ಟರ್‌ಗೆ ಸೂರ್ಯ, ಚಂದ್ರ, ವಾರ ಮೂರೂ ಕೂಡಿಬರಬೇಕು. ಮಾರ್ಚ್ 21ನ್ನು ವಸಂತ ವಿಷುವ, ಅಂದರೆ ಹಗಲು ರಾತ್ರಿ ಸಮವಾಗುವ ದಿನ, ಎಂದು ಇಟ್ಟುಕೊಂಡು, ಅಂದು ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆಯನ್ನು ಹಿಡಿದು, ಆ ಹುಣ್ಣಿಮೆಯ ನಂತರದ ಭಾನುವಾರ ಹಬ್ಬ. ಹಾಗಾಗಿ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಲ್ಲಿ ಬೇಕಾದರೂ ಬೀಳಬಹುದು. ಎಲ್ಲರೂ ಒಂದೇ ದಿನ ಆಚರಿಸಬೇಕು ಎಂದು 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್‌ಗಳ ಸಭೆ ತೀರ್ಮಾನಿಸಿತು. ಲೆಕ್ಕದ ವಿಧಾನ ಬಂದದ್ದು ಅಲೆಕ್ಸಾಂಡ್ರಿಯಾದಿಂದ.

ಈ ಒಂದು ತಾರೀಕಿಗೆ ಎಷ್ಟೆಲ್ಲ ತಗುಲಿಕೊಂಡಿತ್ತು ನೋಡಿ. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ 46 ದಿನ ಹಿಂದೆ, ಕ್ರಿಸ್ತನ ಸ್ವರ್ಗಾರೋಹಣದ ಹಬ್ಬ 39 ದಿನ ಮುಂದೆ, ಪವಿತ್ರಾತ್ಮ ಇಳಿದುಬಂದ ಹಬ್ಬವಾದ ಪೆಂತೆಕೋಸ್ತ್ 49 ದಿನ ಮುಂದೆ. ಮಾಂಸ ಯಾವಾಗ ಬಿಡಬೇಕು, ಮದುವೆ ಯಾವಾಗ ಮಾಡಬಾರದು ಎಂಬುದೆಲ್ಲ ಇದರ ಮೇಲೆಯೇ. ಇಂಗ್ಲೆಂಡಿನಲ್ಲಿ ನ್ಯಾಯಾಲಯದ ಒಂದು ಅವಧಿಯ ಹೆಸರೇ ಈಸ್ಟರ್ ಅವಧಿ.

ಲೆಕ್ಕ ಮಾಡುವುದು ಹೀಗೆ. 19 ಸೌರ ವರ್ಷಗಳಲ್ಲಿ ಹೆಚ್ಚುಕಡಿಮೆ 235 ಚಾಂದ್ರಮಾಸಗಳಿರುತ್ತವೆ. ವರ್ಷಕ್ಕೆ 12ರಂತೆ 228, ಅದಕ್ಕೆ 7 ಅಧಿಕಮಾಸ. ಆದ್ದರಿಂದ 19 ವರ್ಷಕ್ಕೊಮ್ಮೆ ಹುಣ್ಣಿಮೆಗಳು ಅವೇ ತಾರೀಕಿಗೆ ಮರಳುತ್ತವೆ. ಇಸವಿಯನ್ನು 19ರಿಂದ ಭಾಗಿಸಿ, ಶೇಷಕ್ಕೆ 1 ಕೂಡಿಸಿದರೆ ಸಿಗುವುದು ಸುವರ್ಣ ಸಂಖ್ಯೆ. ಅದು 1 ಆದರೆ ಈಸ್ಟರ್ ಹುಣ್ಣಿಮೆ ಏಪ್ರಿಲ್ 5. ಮುಂದಿನ ಪ್ರತಿ ವರ್ಷಕ್ಕೆ 11 ದಿನ ಕಳೆಯುತ್ತ ಹೋಗಿ. ಮಾರ್ಚ್ 21ಕ್ಕಿಂತ ಹಿಂದೆ ಬಿದ್ದರೆ 30 ಕೂಡಿಸಿ. ಹೀಗೆ ಎರಡನೆಯದು ಮಾರ್ಚ್ 25. ಮೂರನೆಯದು ಮಾರ್ಚ್ 14 ಆಗಬೇಕು, ಅದು ವಿಷುವಕ್ಕೆ ಹಿಂದಾಯಿತು, ಆದ್ದರಿಂದ ಏಪ್ರಿಲ್ 13. ಹತ್ತೊಂಬತ್ತನೆಯದು ಏಪ್ರಿಲ್ 17. ಅಲ್ಲಿಂದ ಮತ್ತೆ ಮೊದಲನೆಯದಕ್ಕೆ ಹೋಗುವಾಗ ಮಾತ್ರ 11ರ ಬದಲು 12 ಕಳೆಯಬೇಕು. ಇದಕ್ಕೆ ಚಂದ್ರನ ಜಿಗಿತ ಎನ್ನುತ್ತಿದ್ದರು. ಇದನ್ನು ಮರೆತರೆ ಮುಂದಿನ ಸುತ್ತು ಪೂರ್ತಿ ಒಂದು ದಿನ ತಪ್ಪುತ್ತದೆ.

ಹೇಸ್ಟಿಂಗ್ಸ್ ಕದನ ನಡೆದ 1066ನ್ನೇ ತೆಗೆದುಕೊಳ್ಳಿ. 19ರಿಂದ ಭಾಗಿಸಿದರೆ ಶೇಷ 2, ಸುವರ್ಣ ಸಂಖ್ಯೆ 3, ಹುಣ್ಣಿಮೆ ಏಪ್ರಿಲ್ 13. ಅಂದು ಗುರುವಾರ. ಆದ್ದರಿಂದ ಈಸ್ಟರ್ ಏಪ್ರಿಲ್ 16.

ಕಾಗದ ಇನ್ನೂ ಬಂದಿರಲಿಲ್ಲ, ಚರ್ಮದ ಹಾಳೆ ದುಬಾರಿ. ಕೈಬೆರಳೇ ಕೋಷ್ಟಕವಾಯಿತು. ಒಂದು ಕೈಯಲ್ಲಿ 14 ಗೆಣ್ಣು, 5 ಉಗುರು, ಒಟ್ಟು 19: ಚಂದ್ರನ ಚಕ್ರಕ್ಕೆ. ಉಗುರು ಬಿಟ್ಟು ಎರಡೂ ಕೈಯ ಗೆಣ್ಣು 28: ಜೂಲಿಯಸ್ ಸೀಸರ್ ತಂದ, ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಅಧಿಕ ದಿನ ಸೇರಿಸುವ ಜೂಲಿಯನ್ ಪಂಚಾಂಗದಲ್ಲಿ ವಾರಗಳು ಅವೇ ತಾರೀಕಿಗೆ ಮರಳಲು ಬೇಕಾದ ವರ್ಷಗಳು. ಉತ್ತರ ಇಂಗ್ಲೆಂಡಿನ ನಾರ್ತಂಬ್ರಿಯಾ ರಾಜ್ಯದ ಸನ್ಯಾಸಿ ಬೀಡ್ 725ರಲ್ಲಿ ಬರೆದ ಕಾಲಗಣನೆಯ ಗ್ರಂಥದಲ್ಲಿ ಇದು ಇದೆ. 19ನ್ನು 28ರಿಂದ ಗುಣಿಸಿದರೆ 532. ಅಷ್ಟು ವರ್ಷಕ್ಕೆ ಈಸ್ಟರ್ ತಾರೀಕುಗಳ ಇಡೀ ಸಾಲು ಮರುಕಳಿಸುತ್ತದೆ.

ಇಂದು ನಾವು ಬರೆಯುವ ಇಸವಿಯೂ ಇದೇ ಕೋಷ್ಟಕದ ಉಪಉತ್ಪನ್ನ. ಹಳೆಯ ಕೋಷ್ಟಕಗಳು ಚಕ್ರವರ್ತಿ ಡಯೋಕ್ಲೀಷನ್‌ನ ಕಾಲದಿಂದ ವರ್ಷ ಎಣಿಸುತ್ತಿದ್ದವು. ಕ್ರೈಸ್ತರನ್ನು ಹಿಂಸಿಸಿದವನ ಹೆಸರು ಈಸ್ಟರ್ ಪಟ್ಟಿಯಲ್ಲಿ ಯಾಕೆ ಎಂದು ಡಯೊನೀಸಿಯಸ್ ಎಂಬ ಸನ್ಯಾಸಿ 525ರಲ್ಲಿ ಕ್ರಿಸ್ತನ ಅವತಾರದಿಂದ ಎಣಿಸಲು ಹೊರಟ. ಅದನ್ನು ಇತಿಹಾಸ ಬರವಣಿಗೆಗೆ ತಂದು ಹರಡಿದವನು ಬೀಡ್.

ಪಟ್ಟಿ ಎರಡಾದರೆ ಮನೆಯೂ ಎರಡು. ನಾರ್ತಂಬ್ರಿಯಾದ ರಾಜ ಓಸ್ವಿ ಐರಿಷ್ ಸನ್ಯಾಸಿಗಳ 84 ವರ್ಷದ ಚಕ್ರ ಅನುಸರಿಸುತ್ತಿದ್ದ. ಕೆಂಟ್‌ನಿಂದ ಬಂದ ರಾಣಿ ರೋಮಿನ ಕಡೆಯವಳು. ರಾಜ ಉಪವಾಸ ಮುಗಿಸಿ ಈಸ್ಟರ್ ಊಟಕ್ಕೆ ಕೂತರೆ ರಾಣಿಗೆ ಇನ್ನೂ ಗರಿಗಳ ಭಾನುವಾರ, ಅಂದರೆ ಈಸ್ಟರ್‌ಗೆ ಒಂದು ವಾರ ಬಾಕಿ. 664ರಲ್ಲಿ ವಿಟ್ಬಿಯಲ್ಲಿ ಸಭೆ ಸೇರಿ ರಾಜ ರೋಮಿನ ಪರ ತೀರ್ಪು ಕೊಟ್ಟ. ಇಂಗ್ಲೆಂಡಿನ ಚರ್ಚು ಐರಿಷ್ ಪದ್ಧತಿ ಬಿಟ್ಟು ರೋಮಿನ ಕಡೆ ತಿರುಗಿದ್ದು ಈ ಜಗಳದಿಂದ.

ಇನ್ನು ದೋಷಗಳಿಗೆ ಬರೋಣ. ಜೂಲಿಯನ್ ವರ್ಷ 365.25 ದಿನ, ನಿಜವಾದ ಋತುವರ್ಷ ಸುಮಾರು 365.2422. ವರ್ಷಕ್ಕೆ 11 ನಿಮಿಷದ ಚಿಲ್ಲರೆ ವ್ಯತ್ಯಾಸ, 128 ವರ್ಷಕ್ಕೆ ಒಂದು ದಿನ. ಚಂದ್ರನ ಚಕ್ರದಲ್ಲೂ ಹೀಗೆಯೇ, ಸುಮಾರು 310 ವರ್ಷಕ್ಕೆ ಒಂದು ದಿನ ಜಾರುತ್ತದೆ. ಹದಿನಾರನೇ ಶತಮಾನದ ಹೊತ್ತಿಗೆ ವಿಷುವ ಮಾರ್ಚ್ 11ಕ್ಕೆ ಬಂದಿತ್ತು, ಕೋಷ್ಟಕದ ಹುಣ್ಣಿಮೆ ಆಕಾಶದ ಹುಣ್ಣಿಮೆಗಿಂತ ನಾಲ್ಕು ದಿನ ಹಿಂದುಳಿದಿತ್ತು. ಇಂಗ್ಲಿಷ್ ವಿದ್ವಾಂಸ ರೋಜರ್ ಬೇಕನ್ 1267ರಲ್ಲೇ ಪೋಪ್‌ಗೆ ಬರೆದು ಎಚ್ಚರಿಸಿದ್ದ. ಆದರೂ ಮುನ್ನೂರು ವರ್ಷ ತಡವಾಯಿತು. ಉದಾಸೀನವೊಂದೇ ಕಾರಣವಲ್ಲ. ವರ್ಷದ ಉದ್ದ ಸರಿಯಾಗಿ ಅಳೆಯದೆ ತಿದ್ದಿದರೆ ಇನ್ನೊಂದು ತಪ್ಪು ಪಂಚಾಂಗ ಹುಟ್ಟುತ್ತದಷ್ಟೆ. ಕೊಪರ್ನಿಕಸ್ ತನ್ನ 1543ರ ಗ್ರಂಥದ ಮುನ್ನುಡಿಯಲ್ಲಿ, ಪೋಪ್ ಲಿಯೋ ಕಾಲದ ತಿದ್ದುಪಡಿ ನಿಂತುಹೋದದ್ದು ಇದಕ್ಕೇ ಎನ್ನುತ್ತಾನೆ.

ಕೊನೆಗೆ ದಾರಿ ತೋರಿಸಿದವನು ಇಟಲಿಯ ಕಲಾಬ್ರಿಯಾದ ವೈದ್ಯ ಅಲೋಯ್ಸಿಯಸ್ ಲಿಲಿಯಸ್. ತಿದ್ದುಪಡಿ ನೋಡಲು ಅವನು ಬದುಕಿರಲಿಲ್ಲ. ಅದನ್ನು ಮುಂದೆ ವಿವರಿಸಿ ಸಮರ್ಥಿಸಿದವನು ಜೆಸ್ಯೂಟ್ ಗಣಿತಜ್ಞ ಕ್ಲಾವಿಯಸ್. 400 ವರ್ಷಕ್ಕೆ ಮೂರು ಅಧಿಕ ದಿನ ಬಿಡುವುದು: 1700, 1800, 1900ಕ್ಕೆ ಫೆಬ್ರವರಿ 29 ಇಲ್ಲ, 1600 ಮತ್ತು 2000ಕ್ಕೆ ಇದೆ. ಚಂದ್ರನಿಗೆ ಬೇರೆ ತಿದ್ದುಪಡಿ, 2500 ವರ್ಷಕ್ಕೆ ಎಂಟು ದಿನ. ಪೋಪ್ ಹದಿಮೂರನೇ ಗ್ರೆಗರಿಯ ಆಜ್ಞಾಪತ್ರ 1582ರ ಫೆಬ್ರವರಿಯಲ್ಲಿ ಹೊರಟಿತು. ಅಕ್ಟೋಬರ್ 4ರ ಗುರುವಾರದ ಮರುದಿನ ಅಕ್ಟೋಬರ್ 15, ಶುಕ್ರವಾರ. ಆ ದಿನಗಳಲ್ಲಿ ಹಬ್ಬ ಕಡಿಮೆ ಎಂದು ಅಕ್ಟೋಬರನ್ನೇ ಆರಿಸಿದರು. ತೆಗೆದದ್ದು ಹತ್ತು ದಿನ ಮಾತ್ರ ಎಂಬುದನ್ನು ಗಮನಿಸಿ. ಸೀಸರನ ಕಾಲದ ವಿಷುವ ಮಾರ್ಚ್ 25 ಎಂದು ಎಣಿಕೆಯಾಗಿತ್ತು; ಅಲ್ಲಿಗೆ ಮರಳಿಸುವ ಯೋಚನೆಯೇ ಇಲ್ಲ. ಈಸ್ಟರ್ ನಿಯಮದ ಮಾರ್ಚ್ 21 ಕೈಗೆ ಸಿಕ್ಕರೆ ಸಾಕಿತ್ತು.

ವಿಷುವ ನಿಜಕ್ಕೂ ಅಲ್ಲಿ ನಿಂತಿದೆಯೇ ಎಂದು ಪರೀಕ್ಷಿಸಲು ಚರ್ಚ್ ಕಟ್ಟಡವೇ ಉಪಕರಣವಾಯಿತು. ಇಟಲಿಯ ಬೊಲೋನ್ಯಾದ ಸಾನ್ ಪೆತ್ರೋನಿಯೋ ಚರ್ಚಿನಲ್ಲಿ 1655ರಲ್ಲಿ ಖಗೋಳಜ್ಞ ಕಸ್ಸೀನಿ ಸುಮಾರು 27 ಮೀಟರ್ ಎತ್ತರದಲ್ಲಿ ರಂಧ್ರ ಬಿಟ್ಟು, ನೆಲದ ಮೇಲೆ ಸುಮಾರು 67 ಮೀಟರ್ ಉದ್ದದ ಉತ್ತರ-ದಕ್ಷಿಣ ಗೆರೆ ಹಾಕಿದ. ಮಧ್ಯಾಹ್ನ ಬಿಸಿಲಿನ ಬಿಂಬ ಗೆರೆ ದಾಟುವ ಜಾಗ ದಿನದಿನಕ್ಕೆ ಸರಿಯುತ್ತದೆ. ವರ್ಷದ ಉದ್ದ ಅದರಿಂದ ಸಿಗುತ್ತದೆ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದದ್ದಕ್ಕೆ ಗೆಲಿಲಿಯೋಗೆ ಚರ್ಚಿನಿಂದ ಶಿಕ್ಷೆಯಾಗಿ ಆಗ 22 ವರ್ಷ. ಅದೇ ಚರ್ಚಿನ ನೆಲದ ಮೇಲೆ ಕಸ್ಸೀನಿ ಬಿಂಬದ ಅಗಲ ಅಳೆದು, ಸೂರ್ಯನ ದೂರ ವರ್ಷದಲ್ಲಿ ಹೇಗೆ ಬದಲಾಗುತ್ತದೆ ಎಂಬ ಖಗೋಳಜ್ಞ ಕೆಪ್ಲರನ ಲೆಕ್ಕದ ಪರ ಸಾಕ್ಷ್ಯ ಒದಗಿಸಿದ. ಚರ್ಚು ಎಂದರೆ ಖಗೋಳಶಾಸ್ತ್ರದ ವೈರಿ ಎಂದು ಒಂದೇ ಉಸಿರಿನಲ್ಲಿ ಹೇಳುವವರು ಈ ಗೆರೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಪೋಪ್ ಆಜ್ಞೆಯನ್ನು, ಪೋಪ್‌ನಿಂದ ಬೇರೆಯಾದ ಪ್ರಾಟೆಸ್ಟಂಟರು ಒಪ್ಪಲಿಲ್ಲ. 1584ರಲ್ಲಿ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಪಂಚಾಂಗಕ್ಕಾಗಿ ದಂಗೆಯೇ ಆಯಿತು. ಜರ್ಮನಿಯ ಪ್ರಾಟೆಸ್ಟಂಟ್ ರಾಜ್ಯಗಳು 1700ರಲ್ಲಿ ಬದಲಾದರೂ ಈಸ್ಟರ್ ಹುಣ್ಣಿಮೆಗೆ ಕೆಪ್ಲರನ ಕೋಷ್ಟಕ ಹಿಡಿದವು. 1724ರಲ್ಲಿ ಅವರ ಈಸ್ಟರ್ ಏಪ್ರಿಲ್ 9, ಕಥೋಲಿಕರದು 16. ಸ್ವೀಡನ್ ಅಧಿಕ ದಿನಗಳನ್ನು ಒಂದೊಂದಾಗಿ ಬಿಡಲು ಹೊರಟು, ಯುದ್ಧದ ಗಡಿಬಿಡಿಯಲ್ಲಿ ಮರೆತು, ಯಾರ ಪಂಚಾಂಗಕ್ಕೂ ಹೊಂದದೆ, 1712ರಲ್ಲಿ ಫೆಬ್ರವರಿ 30 ಎಂಬ ದಿನ ಇಟ್ಟು ಜೂಲಿಯನ್ ಪಂಚಾಂಗಕ್ಕೇ ಮರಳಿತು.

ಇಂಗ್ಲೆಂಡ್ 1752ರಲ್ಲಿ ಸೆಪ್ಟೆಂಬರ್ 2ರಿಂದ ನೇರ 14ಕ್ಕೆ ಹಾರಿತು; 1700ರ ಅಧಿಕ ದಿನವೂ ಸೇರಿ ಅಂತರ ಹನ್ನೊಂದು ದಿನವಾಗಿತ್ತು. ಜನ ಹನ್ನೊಂದು ದಿನಕ್ಕಾಗಿ ಬೀದಿಗಿಳಿದರು ಎಂಬ ಕಥೆಗೆ ಗಟ್ಟಿ ಆಧಾರವಿಲ್ಲ. ಕಾನೂನೇ ಬಾಡಿಗೆ, ಸಾಲದ ಗಡುವುಗಳನ್ನು ಹನ್ನೊಂದು ದಿನ ಮುಂದೂಡಿತ್ತು. ಮೇರಿಮಾತೆಯ ಹಬ್ಬವಾದ ಮಾರ್ಚ್ 25ಕ್ಕೆ ಮುಗಿಯುತ್ತಿದ್ದ ಲೆಕ್ಕ ಏಪ್ರಿಲ್ 5ಕ್ಕೆ ಹೋಯಿತು, ಬ್ರಿಟನ್ನಿನ ತೆರಿಗೆ ವರ್ಷ ಇವತ್ತಿಗೂ ಅಂದೇ ಮುಗಿಯುತ್ತದೆ.