ಮೊಟ್ಟೆ ನಿಂತಿದೆ, ನಿಲ್ಲಲಿ: ಫಾರಂ ಕೋಳಿಗಳ ಚೇತರಿಕೆ

ಫೆಬ್ರವರಿ ಕೊನೆ

ತುಮಕೂರು ಕಡೆಯ ಒಂದು ಲೇಯರ್ (ಮೊಟ್ಟೆಕೋಳಿ) ಫಾರಂನಲ್ಲಿ ಹಳೇ ಬ್ಯಾಚ್ ಖಾಲಿ ಮಾಡುತ್ತಿದ್ದರು. ಮಾಂಸದ ಗಾಡಿ ಹತ್ತುವ ಮುಂಚೆ ಆರು ಕೋಳಿ ಕೊಂಡು ತಂದೆ. ಬಿಳಿ ಬಿವಿ-300 ತಳಿ, ಎಂಬತ್ತು ವಾರದ ಆಸುಪಾಸಿನವು. ಪಂಜರದ ಕಂಬಿಗೆ ಉಜ್ಜಿ ಉಜ್ಜಿ ಕುತ್ತಿಗೆ, ಎದೆಯ ಪುಕ್ಕ ಹೋಗಿ ಚರ್ಮ ಕೆಂಪಾಗಿದೆ. ಜುಟ್ಟು ಬಿಳಿಚಿಕೊಂಡು ಕಣ್ಣಿನ ಮೇಲೆ ಜೋತುಬಿದ್ದಿದೆ. ಎರಡರ ಎದೆಮೂಳೆ ಸೊಟ್ಟ; ಯಾವಾಗಲೋ ಮುರಿದು ಹಾಗೇ ಕೂಡಿಕೊಂಡಿದೆ ಎಂದರು ಪಶುವೈದ್ಯರು.

ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಫೀಡ್‌ನಲ್ಲಿ ಸಿಕ್ಕಿದ್ದು ಸಾಲದಿದ್ದರೆ ಮೈ ಅದನ್ನು ಮೂಳೆಯಿಂದ ಕೀಳುತ್ತದೆ. ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಟ್ಟರೆ, ಇವು 300ಕ್ಕೂ ಹೆಚ್ಚು ಇಡುತ್ತವೆ. 2023ರ ಕೇಂದ್ರ ನಿಯಮದ ಪ್ರಕಾರ ಪಂಜರದಲ್ಲಿ ಒಂದು ಕೋಳಿಗೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ. ಅದು ಎ4 ಹಾಳೆಗಿಂತಲೂ ಚಿಕ್ಕದು.

ಮೊದಲ ವಾರ

ಬಾಣಲೆ ತುಂಬ ನೀರಿಟ್ಟರೂ ಮುಟ್ಟಲಿಲ್ಲ. ಒಂದು ಕೋಳಿ ಬಾಗಿಲ ಚಿಲಕದ ಹೊಳೆಯುವ ಸ್ಕ್ರೂ ತಲೆಯನ್ನೇ ಟಕ್ ಟಕ್ ಕುಕ್ಕುತ್ತಾ ನಿಂತಿತು. ಆಗ ಗೊತ್ತಾಯಿತು, ಅದಕ್ಕೆ ನೀರೆಂದರೆ ಫಾರಂನ ಪೈಪಿನಲ್ಲಿ ಕುಕ್ಕಿದಾಗ ಹನಿ ಬಿಡುವ ನಿಪ್ಪಲ್‌ನ ತುದಿ. ಬೆರಳ ತುದಿಯಿಂದ ಬಾಣಲೆಗೆ ಹನಿ ಬೀಳಿಸಿದೆ. ಹನಿಯನ್ನು ಕುಕ್ಕಲು ಹೋಗಿ ಕೊಕ್ಕು ಒದ್ದೆಯಾಯಿತು, ತಲೆ ಎತ್ತಿ ನುಂಗಿತು. ಉಳಿದವು ಅದನ್ನು ನೋಡಿ ಕಲಿತವು.

ಕೊಕ್ಕಿನ ತುದಿ ಕತ್ತರಿಸಿರುವುದರಿಂದ ನೆಲದ ಮೇಲಿನ ಕಾಳು ಇವುಗಳ ಬಾಯಿಗೆ ಸಿಗುವುದಿಲ್ಲ. ಆಳವಾದ ಡಬ್ಬಿಯಲ್ಲಿ ಫಾರಂನ ಅದೇ ಲೇಯರ್ ಮ್ಯಾಶ್ (ಮೊಟ್ಟೆಕೋಳಿಯ ಪುಡಿ ಆಹಾರ) ಹಾಕುತ್ತಿದ್ದೇನೆ. ಊಟ ಏಕಾಏಕಿ ಬದಲಿಸಬಾರದು. ಕತ್ತಲಾದರೂ ಗೂಡಿಗೆ ಹೋಗಬೇಕೆಂಬುದು ತಿಳಿಯದು. ದಿನಾ ಎತ್ತಿ ಒಳಗಿಡುತ್ತೇನೆ. ನಮ್ಮಲ್ಲಿ ಮುಂಗುಸಿ ಕಾಟ ಜಾಸ್ತಿ.

ಯುಗಾದಿ ಕಳೆದ ಮೇಲೆ

ಮೊಟ್ಟೆ ಕಡಿಮೆಯಾಗುತ್ತಾ ಬಂದು ನಿಂತೇಬಿಟ್ಟಿತು. ಉಳಿದಿದ್ದ ಪುಕ್ಕವೂ ಉದುರುತ್ತಿದೆ. ಫಾರಂನಲ್ಲಿ ದಿನಕ್ಕೆ 16 ಗಂಟೆ ಬೆಳಕು ಕೊಟ್ಟು ಮೊಟ್ಟೆ ಇಡಿಸುತ್ತಾರೆ, ಇಲ್ಲಿ ಬರೀ ಸೂರ್ಯನ ಬೆಳಕು. ಪಕ್ಕದ ಮನೆ ಅಜ್ಜಿ ಬೇಲಿಯ ಆಚೆಯಿಂದಲೇ ಕೇಳಿದರು, "ಮೊಟ್ಟೆ ಇಕ್ಕದ ಕೋಳಿಗೆ ಕಾಳು ಯಾಕ್ಲಾ ಸುರೀತೀಯ? ಒಂದು ಬಲ್ಬ್ ಹಾಕು."

ಬಲ್ಬ್ ಹಾಕುವುದಿಲ್ಲ ಅಜ್ಜಿ. ಮೊಟ್ಟೆ ಇಡುವಷ್ಟು ದಿನವೂ ಕೋಳಿಯ ಗಟ್ಟಿ ಮೂಳೆ ಸವೆಯುತ್ತಲೇ ಇರುತ್ತದೆ. ಮೊಟ್ಟೆ ನಿಂತಾಗ ಮಾತ್ರ ಅದು ಮತ್ತೆ ಕಟ್ಟಿಕೊಳ್ಳಲು ಶುರುವಾಗುತ್ತದೆ. ಪುಕ್ಕ ಬಂದು ಚೆಂದ ಕಂಡರೆ ಸಾಲದು, ನನಗೆ ಬೇಕಿರುವುದು ಈ ಬಿಡುವು. ಪುಕ್ಕವೆಂದರೆ ಬಹುಪಾಲು ಪ್ರೋಟೀನೇ, ಹಾಗಾಗಿ ಮ್ಯಾಶ್ ಜೊತೆ ಒಣಮೀನಿನ ಪುಡಿ, ಸ್ವಲ್ಪ ಕಡಲೆಕಾಯಿ ಹಿಂಡಿ ಕೊಡುತ್ತಿದ್ದೇನೆ. ಹಿಂಡಿಗೆ ಬೂಸ್ಟು ಹಿಡಿದಿದ್ದರೆ ಕೊಡಲೇಬೇಡಿ, ಅದು ಕೋಳಿಗೆ ವಿಷ. ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿದೆ, ಬೇಕಾದಷ್ಟು ತಿನ್ನಲಿ.

ಏಪ್ರಿಲ್‌ನಲ್ಲಿ ಒಂದು ಸತ್ತಿತು. ಹೊಟ್ಟೆ ಊದಿ, ಬಾಲ ಇಳಿಬಿಟ್ಟು ನಿಂತಿತ್ತು. ಮೊಟ್ಟೆಯ ಹಳದಿ ಹೊಟ್ಟೆಯೊಳಗೇ ಬಿದ್ದು ನಂಜಾಗಿತ್ತು. ಲೇಯರ್ ಕೋಳಿಗಳಲ್ಲಿ ಇದು ತೀರಾ ಸಾಮಾನ್ಯ. ಔಷಧಿ ಕೊಡಿಸಿದರೂ ಉಳಿಯಲಿಲ್ಲ. ಮೊದಲು ನೀರು ಕುಡಿಯಲು ಕಲಿತದ್ದು ಅದೇ. ತುಂಬಾ ಸಂಕಟವಾಯಿತು.

ಮುಂಗಾರು ಶುರು

ಉಳಿದ ಐದಕ್ಕೂ ಕುತ್ತಿಗೆ ಮುಚ್ಚುವಷ್ಟು ಪುಕ್ಕ ಬಂದಿದೆ. ಜುಟ್ಟು ಕೆಂಪೇರಿದೆ. ಮಾವಿನ ಮರದ ಬುಡದಲ್ಲಿ ಮಣ್ಣಿಗೆ ಒಲೆಬೂದಿ ಬೆರೆಸಿ ಹಾಕಿದ್ದೆ. ಕಾಲು ಕೆದರಿ, ಮಗ್ಗುಲಾಗಿ ಬಿದ್ದು, ರೆಕ್ಕೆಯೊಳಕ್ಕೆ ಮಣ್ಣು ಎರಚಿಕೊಂಡು ಹೊರಳಾಡುತ್ತವೆ. ಇದನ್ನು ಯಾರೂ ಕಲಿಸಲಿಲ್ಲ. ಎರಡು ಕೋಳಿ ಮತ್ತೆ ಮೊಟ್ಟೆ ಶುರುಮಾಡಿವೆ, ವಾರಕ್ಕೆ ಮೂರೋ ನಾಲ್ಕೋ.

ಮುಂದಿನ ಕೆಲಸ: ಮಳೆಗಾಲದ ಜಂತುಹುಳದ ಔಷಧಿ (ವೈದ್ಯರು ಹೇಳಿದಷ್ಟು ದಿನ ಆ ಮೊಟ್ಟೆ ತಿನ್ನುವಂತಿಲ್ಲ), ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ. ಸೊಟ್ಟ ಎದೆಮೂಳೆಯವು ಎತ್ತರದಿಂದ ಧುಮುಕಬಾರದು, ಅದಕ್ಕೆ ಕೂರುವ ಕೋಲನ್ನು ಮೊಣಕಾಲಿಗಿಂತ ಕೆಳಗೆ ಕಟ್ಟಬೇಕು. ನಾಟಿ ಕೋಳಿಗಳ ಜೊತೆ ಈಗಲೇ ಬಿಡುವುದಿಲ್ಲ. ಮಧ್ಯೆ ಬಲೆ ಹಾಕಿ ಕೆಲವು ವಾರ ಮುಖ ನೋಡಿಕೊಳ್ಳಲಿ.