ಅಜ್ಜಿ ಕೇಳಿದ ರೋಹಿಣಿ

ನಿನ್ನೆ ಪುಷ್ಯ ಮಾಸದ ಅಮಾವಾಸ್ಯೆ. ಚಿತ್ರದುರ್ಗದ ಹೊರಗೆ ಗೆಳೆಯರೊಬ್ಬರ ಹೊಲದಲ್ಲಿ, ಶೇಂಗಾ ಕಿತ್ತು ಖಾಲಿಯಾದ ನೆಲದ ಮೇಲೆ ಜಮಖಾನ ಹಾಸಿಕೊಂಡು ಹದಿನೈದು ಮಂದಿ ಆಕಾಶ ನೋಡಲು ಕುಳಿತಿದ್ದೆವು.

ಕಣ್ಣು ಕತ್ತಲೆಗೆ ಒಗ್ಗಲು 20ರಿಂದ 30 ನಿಮಿಷವಾದರೂ ಬೇಕು, ಒಂದೇ ಒಂದು ಮೊಬೈಲ್ ಪರದೆ ಬೆಳಗಿದರೂ ಮತ್ತೆ ಮೊದಲಿನಿಂದ ಕಾಯಬೇಕು. ಆದ್ದರಿಂದ ಎಲ್ಲರ ಮೊಬೈಲ್‌ಗಳನ್ನೂ ಬುಟ್ಟಿಯೊಂದರಲ್ಲಿ ಹಾಕಿಸಿ, ಟಾರ್ಚಿಗೆ ಕೆಂಪು ಗಾಳಿಪಟದ ಕಾಗದವನ್ನು ಎರಡು ಸುತ್ತು ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದಿದ್ದೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಮಾತ್ರ ಮಿನುಗುತ್ತಿದ್ದವು.

ಪಕ್ಕದ ಹೊಲದಿಂದ ಕಂಬಳಿ ಹೊದ್ದು ಬಂದ ಅಜ್ಜಿಯೊಬ್ಬರು, “ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಅಂತೀವಲ್ಲಪ್ಪಾ, ಆ ರೋಹಿಣಿ ಯಾವುದು?” ಎಂದು ಕೇಳಿದರು.

ಕೃತ್ತಿಕೆಯ ಗೊಂಚಲಿನ ಪಕ್ಕದಲ್ಲಿದ್ದ ಕೆಂಬಣ್ಣದ ಚುಕ್ಕಿಯನ್ನು ತೋರಿಸಿದೆ. ಮೇ ಕೊನೆಯಲ್ಲಿ ರೋಹಿಣಿ ಮಳೆ ಸುರಿಯುವ ದಿನಗಳಲ್ಲಿ ಸೂರ್ಯ ಅದೇ ನಕ್ಷತ್ರದಲ್ಲಿರುವುದರಿಂದ ಅದು ಹಗಲಿನ ಬೆಳಕಿನಲ್ಲಿ ಮರೆಯಾಗಿರುತ್ತದೆ, ಮಳೆಯನ್ನು ಕೊಡುವಾಗ ತಾನು ಕಾಣಿಸಿಕೊಳ್ಳುವುದಿಲ್ಲ ಎಂದು ವಿವರಿಸಿದೆ. ಅಲ್ಲಿಂದ ಬೆಳಕು ನಮ್ಮನ್ನು ಮುಟ್ಟಲು ಸುಮಾರು 65 ವರ್ಷ ಬೇಕೆಂದಾಗ, “ಹಂಗಾರೆ ನಾನು ಹುಟ್ಟಿದಾಗ ಹೊಂಟಿದ್ದು ಈಗ ಬಂತು” ಎಂದರು.

ನನಗೆ ಮುಂದೆ ಮಾತು ಹೊರಡಲಿಲ್ಲ. ದೂರದರ್ಶಕದ ಮುಂದೆ ಗುರುಗ್ರಹಕ್ಕಾಗಿ ಮಕ್ಕಳು ಸರದಿಯಲ್ಲಿ ನಿಂತಿದ್ದರೂ, ಅಜ್ಜಿ ಮಾತ್ರ ಬಹಳ ಹೊತ್ತು ಬರಿಗಣ್ಣಿನಿಂದ ಆ ಒಂದೇ ಚುಕ್ಕಿಯನ್ನು ನೋಡುತ್ತಿದ್ದರು. ಮುಂದಿನ ಅಮಾವಾಸ್ಯೆಗೆ ಅವರ ಓಣಿಯವರನ್ನೆಲ್ಲ ಕರೆಯಬೇಕು. ಜಮಖಾನ ಇನ್ನೆರಡು ಬೇಕಾಗುತ್ತವೆ.