ಥರ್ಮೋಸ್ಟಾಟ್ ಹೌಸಿಂಗ್ ಸೋರಿಕೆ: ಕೆಲಸ ಎಲ್ಲಿಗೆ ಬಂತು

ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿಯಾದಾಗ ತೆರೆದು ಕೂಲಂಟನ್ನು (ಎಂಜಿನ್ ತಣ್ಣಗಿಡುವ ದ್ರವ) ರೇಡಿಯೇಟರಿಗೆ ಬಿಡುವ ವಾಲ್ವ್; ಅದನ್ನು ಮುಚ್ಚಿ ಎಂಜಿನ್ನಿಗೆ ಬೋಲ್ಟಾಗುವ ಕವಚ ಹೌಸಿಂಗ್. ಅದು ಸೋರುತ್ತಿತ್ತು, ಬಿಚ್ಚಿಯಾಯಿತು. ಹನಿ ಬೀಳುತ್ತಿದ್ದದ್ದು ಆಲ್ಟರ್ನೇಟರ್ ಪಕ್ಕ, ಆದರೆ ಕೂಲಂಟ್ ಒಣಗಿ ಕೂತ ಬೆಳ್ಳಗಿನ ಪುಡಿ ಶುರುವಾಗುವುದು ಹೌಸಿಂಗ್ ಎಂಜಿನ್ನಿಗೆ ಕೂರುವ ಗೆರೆಯಿಂದ. ಸೋರಿಕೆ ಹುಡುಕುವವರು ಹನಿಯನ್ನು ನಂಬಬೇಡಿ, ಪುಡಿ ಕಾಣುವ ಅತಿ ಮೇಲಿನ ಜಾಗ ನೋಡಿ. ಎಂಜಿನ್ ಪೂರ್ತಿ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಲೇ ಬೇಡಿ. ಇಳಿಸಿದ ಕೂಲಂಟ್ ಸಿಹಿಯಾಗಿರುವ ವಿಷ, ನಾಯಿ ಬೆಕ್ಕಿಗೆ ಸಿಗದಂತೆ ಮುಚ್ಚಿಡಿ.

ಹಳೇ ಗ್ಯಾಸ್ಕೆಟ್ (ಸೋರದಂತೆ ನಡುವೆ ಕೂರಿಸುವ ತೆಳು ಹಾಳೆ) ಕೆರೆದಾಗ ಕಾರಣ ಸಿಕ್ಕಿತು. ಎಂಜಿನ್ನಿಗೆ ಒತ್ತಿ ಕೂರುವ ಹೌಸಿಂಗ್ ಮುಖದಲ್ಲಿ, ಕೆಳಗಿನ ಬೋಲ್ಟಿನ ಹತ್ತಿರ ಅಲ್ಯೂಮಿನಿಯಂ ಕೊರೆದುಹೋಗಿ, ಒಳ ಅಂಚಿನಿಂದ ಹೊರ ಅಂಚಿನವರೆಗೆ ಸಣ್ಣ ಕಾಲುವೆಯೇ ಆಗಿತ್ತು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಹಿಂದೆ ಟಾರ್ಚ್ ಹಿಡಿದರೆ ಬೆಳಕು ತೂರುತ್ತಿತ್ತು. ಇಂಥ ಮುಖಕ್ಕೆ ಎಷ್ಟು ಸಿಲಿಕೋನ್ ಬಳಿದರೂ ಸೋರಿಕೆ ಮತ್ತೆ ಬರುತ್ತದೆ.

ಹಾಗಾಗಿ ಹೆಚ್ಚಿನ ಹೊತ್ತು ಹೋದದ್ದು ಮುಖ ಸಮ ಮಾಡುವುದಕ್ಕೆ. ದಪ್ಪ ಗಾಜಿನ ಮೇಲೆ 240ರ ಸ್ಯಾಂಡ್ ಪೇಪರ್ ಅಂಟಿಸಿ, ಹೌಸಿಂಗ್ ಮುಖಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದು, ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಿದೆ. ಮೊದಲು ಬೋಲ್ಟ್ ಕಿವಿಗಳ (ಬೋಲ್ಟ್ ತೂರುವ ಚಾಚಿದ ತುದಿಗಳ) ಗೆರೆಯಷ್ಟೇ ಅಳಿಸಿತು, ಅಂದರೆ ತುದಿಗಳು ಬಾಗಿದ್ದವು. ಎಲ್ಲ ಕಡೆ ಒಂದೇ ಬೂದು ಬಣ್ಣ ಬಂದ ಮೇಲೆ ಇನ್ನೂ ನಯವಾದ 400ರ ಪೇಪರಿನಲ್ಲಿ ಮುಗಿಸಿದೆ. ಕಾಲುವೆ ಈಗ ಹೊರ ಅಂಚು ತಲುಪುವುದಿಲ್ಲ, ಒಂದು ತಗ್ಗು ಮಾತ್ರ ಉಳಿದಿದೆ. ಎಂಜಿನ್ ಬದಿಯ ಮುಖಕ್ಕೆ ಪ್ಲಾಸ್ಟಿಕ್ ಸ್ಕ್ರೇಪರ್ ಸಾಕು. ಪುಡಿ ಒಳಗೆ ಬೀಳದಂತೆ ತೂತಿಗೆ ಬಟ್ಟೆ ತುರುಕಿದ್ದೆ. ಅಲ್ಲಿಗೆ ಡ್ರಿಲ್ಲಿನ ಉಜ್ಜುವ ಡಿಸ್ಕ್ ಹಾಕುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ: ಮುಖವೂ ಕೆಡುತ್ತದೆ, ಎಂಜಿನ್ ಒಳಗೆ ಹರಳೂ ಸೇರುತ್ತದೆ.

ಥರ್ಮೋಸ್ಟಾಟನ್ನು ನೀರಿನ ಪಾತ್ರೆಯಲ್ಲಿ ದಾರಕ್ಕೆ ತೂಗುಬಿಟ್ಟು ಕಾಯಿಸಿದೆ. ಮೇಲೆ 82 (ಡಿಗ್ರಿ ಸೆಲ್ಸಿಯಸ್) ಎಂದು ಅಚ್ಚಾಗಿದೆ, ಅದರ ಆಸುಪಾಸಿನಲ್ಲೇ ತೆರೆಯಿತು. ಕೂರಿಸುವಾಗ ಸ್ಪ್ರಿಂಗ್ ಎಂಜಿನ್ ಕಡೆಗೆ, ಗಾಳಿ ಬಿಡುವ ಸಣ್ಣ ಪಿನ್ ಮೇಲಕ್ಕೆ.

ತಗ್ಗು ಉಳಿದಿರುವುದರಿಂದ ಹೊಸ ಪೇಪರ್ ಗ್ಯಾಸ್ಕೆಟ್ಟಿನ ಎರಡೂ ಬದಿಗೆ ಆರ್‌ಟಿವಿ ಸಿಲಿಕೋನ್ (ಹಾಗೇ ಬಿಟ್ಟರೆ ರಬ್ಬರಿನಂತೆ ಗಟ್ಟಿಯಾಗುವ ಪೇಸ್ಟ್) ತೆಳ್ಳಗೆ ಸವರಿದೆ. ದಪ್ಪ ಹಾಕಿದರೆ ಒಳಕ್ಕೆ ಹಿಂಡಿಕೊಂಡು, ಚೂರು ಕಿತ್ತುಬಂದು ರೇಡಿಯೇಟರ್ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನಿಮ್ಮದರಲ್ಲಿ ರಬ್ಬರ್ ಓ-ರಿಂಗ್ ಇದ್ದರೆ ಸಿಲಿಕೋನ್ ಬೇಡ. ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿದು, ಮ್ಯಾನ್ಯುಯಲ್ ಹೇಳಿದ 10 ನ್ಯೂಟನ್ ಮೀಟರಿಗೆ ನಿಲ್ಲಿಸಿದೆ. ಟ್ಯೂಬಿನ ಮೇಲೆ ಬರೆದ 24 ಗಂಟೆ ಪೂರ್ತಿ ಒಣಗಲು ಬಿಟ್ಟೆ.

ಆಮೇಲೆ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಪಾಲು ಬೆರೆಸಿ ತುಂಬಿದೆ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಗುಳ್ಳೆ ನಿಲ್ಲುವ ತನಕ ಎಂಜಿನ್ ಓಡಿಸಿದೆ. ಮೇಲಿನ ಹೋಸ್ ತಟ್ಟನೆ ಬಿಸಿಯಾದಾಗ ವಾಲ್ವ್ ತೆರೆದದ್ದು ಕೈಗೇ ಗೊತ್ತಾಯಿತು. ಬಿಸಿಯಾಗಿ ಆರಿದ ಮೇಲೂ ಟಿಶ್ಯೂ ಒತ್ತಿ ನೋಡಿದೆ, ಗೆರೆ ಒಣಗಿದೆ. ಇನ್ನು ರೇಡಿಯೇಟರಿಗೆ ಪ್ರೆಶರ್ ಪಂಪ್ ಹಾಕಿ, ಅದರ ಮುಚ್ಚಳದ ಮೇಲೆ ಬರೆದ ಒತ್ತಡಕ್ಕೆ ಏರಿಸಿ, ಮುಳ್ಳು ಇಳಿಯುತ್ತದೆಯೇ ಎಂದು ನೋಡುವುದು ಬಾಕಿ.